ಹಳೆಯ ರಿವಾಲ್ವರುಗಳೂ ಅವುಗಳ ಹಿಡಿಗಳೂ

‘ಕೊಡಲಿಯ ಕಾವು ಕುಲಕ್ಕೆ ಸಾವು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮರದಿಂದ ಮಾಡಿದ ಕಾವೇ ಕೊಡಲಿಯನ್ನು ಸೇರಿ ಮರಗಳ ಕುಲವನ್ನು ಕಡಿಯುವುದೆಂಬುದು ಅದರ ಭಾವ. ಗಾದೆಯನ್ನು ಆಡುವವರ ಮನಸ್ಸಿನಲ್ಲಿ ಮನೆಮುರುಕರು ಇರುತ್ತಾರೆಯೇ ಹೊರತು ಕಾವು ಇರುವುದಿಲ್ಲ. ಈ ಹೊತ್ತು ನಾವು ಕಾವಿನ ವಿಷಯವನ್ನೇ, ಎಂದರೆ ಆಯುಧದ ಹಿಡಿಯ ವಿಷಯವನ್ನೇ, ಕೆಲವು ಮಾತುಗಳಲ್ಲಿ ಹೇಳಬೇಕೆಂದಿದ್ದೇವೆ. ಆಯುಧದಲ್ಲಿ ಅಲಗಿಗೆ ಸಲ್ಲುವ ಗೌರವವು ಹಿಡಿಗೆ ಸಲ್ಲುವುದಿಲ್ಲ. ಆದರೆ ಅಲಗು ಮುಟ್ಟುವುದು ಶತ್ರುವನ್ನು. ಹಿಡಿ ಮುಟ್ಟುವುದು ಒಡೆಯನನ್ನು. ಒಡೆಯನ ವೃತ್ತಾಂತವನ್ನು ತಿಳಿಯಬೇಕೆಂಬವನು ಹಿಡಿಯನ್ನೇ ನೋಡಬೇಕಾಗುತ್ತದೆ.

ನಾವು ಕಾಲೇಜಿನಲ್ಲಿ ಚರಿತ್ರೆಯನ್ನು ಬೋಧಿಸುವವರು. ಗುರಿಯಿಟ್ಟು ಗುಂಡು ಹಾರಿಸುವ ವಿದ್ಯೆ ನಮಗೆ ಬಾರದು. ಅದನ್ನು ಕಲಿಯುವ ಉತ್ಸಾಹವೂ ನಮಗಿಲ್ಲ. ಹಾಗಿದ್ದರೂ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಪ್ರಚಾರದಲ್ಲಿರುವ ಒಂದು ಹವ್ಯಾಸವು ನಮ್ಮ ಗಮನವನ್ನು ಬಹುಕಾಲದಿಂದ ಸೆಳೆದಿದೆ. ನಮ್ಮಲ್ಲಿ ಕೆಲವರು ಹಳೆಯ ನಾಣ್ಯಗಳನ್ನೂ ಅಂಚೆಯ ಚೀಟಿಗಳನ್ನೂ ಕೂಡಿಹಾಕುವಂತೆ ಅಲ್ಲಿ ಕೆಲವರು ದೊಡ್ಡ ಒಡಲಿನ ಹಳೆಯ ರಿವಾಲ್ವರುಗಳನ್ನು ಕೂಡಿಹಾಕುತ್ತಾರೆ; ಅವುಗಳೊಡನೆ, ಒಡೆಯರು ಬೇರೆಯಾಗಿ ಮಾಡಿಸಿಕೊಂಡ ಹಿಡಿಗಳನ್ನೂ ಸಂಗ್ರಹಿಸುತ್ತಾರೆ. ಅವರು ತಮ್ಮೊಳಗೆ ನಡಸುವ ವಾದಗಳನ್ನು ನೋಡಿದರೆ, ಯಾವುದು ಮೂಲ, ಯಾವುದು ಕೃತಕ, ಯಾವುದು ತರುವಾಯ ಸೇರಿದುದು ಎಂಬ ನಮ್ಮ ಚರಿತ್ರಕಾರರ ವಾದಗಳೇ ಅಲ್ಲಿಯೂ ಇರುವುದು ಕಂಡುಬರುತ್ತದೆ.

ಮೊದಲು ವಸ್ತುವಿನ ಪರಿಚಯವಾಗಲಿ. ರಿವಾಲ್ವರಿಗೆ ನಳಿಗೆ ಒಂದೇ. ಅದರ ಹಿಂದೆ ಸಾಮಾನ್ಯವಾಗಿ ಆರು ತೋಟಾಗಳನ್ನು ಹಿಡಿಯುವ ಉರುಳೆಯೊಂದು ಒಂದೊಂದು ಹೊಡೆತಕ್ಕೂ ಒಂದೊಂದು ಮನೆಯಷ್ಟು ಸುತ್ತುತ್ತದೆ. ಸಾಮ್ಯುಯೆಲ್ ಕೋಲ್ಟ್ ಎಂಬಾತನು ಇದಕ್ಕೆ ೧೮೩೬ರಲ್ಲಿ ಅಮೆರಿಕದ ಹಕ್ಕುಪತ್ರವನ್ನು ಪಡೆದನು. ಹೊರೇಸ್ ಸ್ಮಿತ್, ಡೇನಿಯಲ್ ವೆಸ್ಸನ್ ಎಂಬಿಬ್ಬರು ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಟ್ಟಿದ ಕಾರಖಾನೆಯು ಕೋಲ್ಟನ ಕಾರಖಾನೆಗೆ ಸರಿಸಾಟಿಯಾಗಿ ಬೆಳೆಯಿತು. ಉರುಳೆಯು ಬಾಗಿಲಿನಂತೆ ಪಕ್ಕಕ್ಕೆ ತೆರೆದುಕೊಳ್ಳುವ ಏರ್ಪಾಡು ೧೮೮೯ರಲ್ಲಿ ಕೋಲ್ಟ್ ಕಾರಖಾನೆಯಲ್ಲಿಯೂ ೧೮೯೬ರಲ್ಲಿ ಸ್ಮಿತ್ ಮತ್ತು ವೆಸ್ಸನ್ ಕಾರಖಾನೆಯಲ್ಲಿಯೂ ಬಳಕೆಗೆ ಬಂತು. ೪೪, ೪೫ ಎಂಬ ದಪ್ಪ ತೋಟಾಗಳನ್ನು ತಾಳಬಲ್ಲ ದೊಡ್ಡ ಒಡಲುಗಳು ಆಮೇಲೆ ಬಂದುವು: ೧೮೯೮ರಲ್ಲಿ ಕೋಲ್ಟರ ‘ನ್ಯೂ ಸರ್ವಿಸ್’, ೧೯೦೮ರಲ್ಲಿ ಸ್ಮಿತ್ ಮತ್ತು ವೆಸ್ಸನ್ನರ ‘ನ್ಯೂ ಸೆಂಚುರಿ’. ಈ ಎರಡನೆಯದರ ಒಡಲಿಗೆ ಕಾರಖಾನೆಯವರು ‘ಎನ್’ ಎಂಬ ಅಕ್ಷರವನ್ನು ಗುರುತಾಗಿ ಇಟ್ಟರು. ಸಂಗ್ರಾಹಕರ ಪ್ರೀತಿಯೆಲ್ಲ ಬಹುಮಟ್ಟಿಗೆ ಈ ಎನ್ ಒಡಲಿನ ಸುತ್ತಲೇ ಹೆಣೆದುಕೊಂಡಿದೆ.

ನ್ಯೂ ಸೆಂಚುರಿಗೆ ಜನರು ಇಟ್ಟ ಹೆಸರು ‘ಟ್ರಿಪಲ್ ಲಾಕ್’, ಅಂದರೆ ಮೂರು ಬೀಗದ್ದು. ಉರುಳೆಯು ಅಲುಗದಂತೆ ಹಿಂದೊಂದು, ಮುಂದೊಂದು, ತಿರುಗುವ ತೋಳಿನ ಬಳಿ ಮತ್ತೊಂದು, ಹೀಗೆ ಮೂರು ಕಡೆ ಅದು ಬಂಧಿತವಾಗಿತ್ತು. ಮೂರನೆಯ ಬೀಗದ ಕೆಲಸವು ಗಡಿಯಾರದ ಕೆಲಸದಷ್ಟು ನಾಜೂಕಾದುದು. ೧೯೧೪ರಲ್ಲಿ ಯೂರೋಪಿನ ಮಹಾಯುದ್ಧವು ಆರಂಭವಾಗಲು, ಬ್ರಿಟಿಷ್ ಸೈನ್ಯವು ತನ್ನ ೪೫೫ ತೋಟಾಕ್ಕೆ ತಕ್ಕಂತೆ ಇದೇ ಒಡಲಿನ ರಿವಾಲ್ವರುಗಳನ್ನು ತರಿಸಿಕೊಂಡಿತು. ಯುದ್ಧದ ಅವಧಿಯಲ್ಲಿ ಹೀಗೆ ಹೋದುವು ಎಪ್ಪತ್ತು ಸಾವಿರಕ್ಕೂ ಮಿಕ್ಕು. ಕಂದಕಗಳ ಕೆಸರಿಗೆ ನಾಜೂಕು ಒಗ್ಗಲಿಲ್ಲ. ಮೂರನೆಯ ಬೀಗವನ್ನೂ, ನಳಿಗೆಯ ಕೆಳಗಿನ ಕಡ್ಡಿಯನ್ನು ಮುಚ್ಚುತ್ತಿದ್ದ ಉಕ್ಕಿನ ಕವಚವನ್ನೂ ತೆಗೆದುಹಾಕಿದರು. ೧೯೧೫ರಿಂದ ಜನರಿಗೆ ಮಾರಿದ ಎರಡನೆಯ ಮಾದರಿಯ ಬೆಲೆಯು ಎರಡು ಡಾಲರು ಇಳಿಯಿತು. ಬೀಗ ಹೋಯಿತು, ಹೋದುದರಿಂದಲೇ ಅದಕ್ಕೆ ಬೆಲೆ ಬಂತು. ೪೪ರ ಟ್ರಿಪಲ್ ಲಾಕುಗಳು ತಯಾರಾದುದು ಹದಿನೈದು ಸಾವಿರದಷ್ಟೇ ಆದುದರಿಂದ ಸಂಗ್ರಾಹಕರು ಅವನ್ನು ಇಂದಿಗೂ ದೀಪ ಹಿಡಿದು ಹುಡುಕುತ್ತಾರೆ.

ಅಮೆರಿಕವು ತಾನೇ ಯುದ್ಧಕ್ಕೆ ಇಳಿದ ೧೯೧೭ರಲ್ಲಿ ಅಲ್ಲಿನ ಸೈನ್ಯಕ್ಕೆ ಪಿಸ್ತೂಲುಗಳು ಸಾಲದೆ ಹೋದುವು. ಆಗ ಸರಕಾರವು ಈ ಎರಡು ಕಾರಖಾನೆಗಳಿಂದಲೂ ತಲಾ ಒಂದೂವರೆ ಲಕ್ಷದಷ್ಟು ದೊಡ್ಡ ಒಡಲಿನ ರಿವಾಲ್ವರುಗಳನ್ನು ಕೊಂಡಿತು. ಪಿಸ್ತೂಲಿನ ತೋಟಾಕ್ಕೆ ಅಂಚಿಲ್ಲದ ಕಾರಣ, ಮೂರು ಮೂರನ್ನು ಒಟ್ಟಿಗೆ ಹಿಡಿಯುವ ಅರ್ಧಚಂದ್ರಾಕಾರದ ತಗಡಿನ ಪಟ್ಟಿಗಳನ್ನು ಜೋಡಿಸಬೇಕಾಯಿತು. ಇವುಗಳ ಹಿಡಿಗಳು ಅಕ್ರೋಟು ಮರದವು. ಗೀರಿಲ್ಲ, ಬಿಲ್ಲೆಯಿಲ್ಲ, ಅಲಂಕಾರವೇನೂ ಇಲ್ಲ. ಲಕ್ಷ ಜನರ ಕೈಗಳನ್ನು ಒಂದೇ ಕೈಯೆಂದು ಭಾವಿಸಿ ಮಾಡಿದ ಹಿಡಿಗಳು ಅವು. ಯುದ್ಧವು ಕೇಳಿದುದು ಅಷ್ಟನ್ನೇ.

ಆದರೆ ಕೈಗಳು ಒಂದೇ ಸಮನಾಗಿಲ್ಲ. ಇಲ್ಲಿಂದಲೇ ಹಿಡಿಯ ಚರಿತ್ರೆಯು ಆರಂಭವಾಗುತ್ತದೆ. ದೊಡ್ಡ ಒಡಲಿನ ರಿವಾಲ್ವರು ಎರಡೂಕಾಲು ಪೌಂಡಿನಿಂದ ಮೂರು ಪೌಂಡಿನವರೆಗೆ ತೂಗುತ್ತದೆ. ಗುಂಡು ಮುಂದಕ್ಕೆ ಹೋದಾಗ ಆಯುಧವು ಹಿಂದಕ್ಕೆ ಒದೆಯುತ್ತದೆ. ನಳಿಗೆಯು ಕೈಗಿಂತ ಮೇಲಿರುವುದರಿಂದ ಮೂತಿಯು ಮೇಲಕ್ಕೆ ಏಳುತ್ತದೆ. ಕಾರಖಾನೆಯ ಹಿಡಿಯು ತೆಳುವಾದ ಎರಡು ಮರದ ಹೋಳುಗಳಷ್ಟೆ. ಟ್ರಿಗರಿನ ಕಾವಲುಪಟ್ಟಿಗೂ ಹಿಡಿಗೂ ನಡುವೆ ಒಂದು ಟೊಳ್ಳು ಉಳಿಯುತ್ತಿತ್ತು. ಹೊಡೆತದ ವೇಳೆಯಲ್ಲಿ ಕಾವಲುಪಟ್ಟಿಯ ಬೆನ್ನು ನಡುಬೆರಳಿನ ಗಂಟನ್ನು ಜಜ್ಜುತ್ತಿತ್ತು. ಸಣ್ಣ ತೋಟಾಗಳಲ್ಲಿ ಇದನ್ನು ಸಹಿಸಬಹುದು. ೧೯೩೫ರಲ್ಲಿ ೩೫೭ ಮ್ಯಾಗ್ನಮ್ ಎಂಬ ಉಗ್ರವಾದ ತೋಟಾ ಹೊರಬಂದ ಮೇಲೆ ಸಹಿಸುವುದು ಕಷ್ಟವಾಯಿತು.

ಈ ಮ್ಯಾಗ್ನಮ್ ರಿವಾಲ್ವರಿನ ಮಾರಾಟದ ಕ್ರಮವೇ ಹೊಸದಾಗಿತ್ತು. ಕೊಳ್ಳುವವನು ಮೂರೂವರೆ ಅಂಗುಲದಿಂದ ಎಂಟೂಮುಕ್ಕಾಲು ಅಂಗುಲದವರೆಗೆ ತನಗೆ ಬೇಕಾದ ಉದ್ದದ ನಳಿಗೆಯನ್ನೂ, ಬೇಕಾದ ಗುರಿಮೊನೆಯನ್ನೂ, ಬೇಕಾದ ಹಿಡಿಯನ್ನೂ ಆರಿಸಬಹುದಾಗಿತ್ತು. ಅವನ ಹೆಸರಿನಲ್ಲಿ ಕಾರಖಾನೆಯಿಂದ ನೋಂದಣಿಯ ಪತ್ರವೂ ಬರುತ್ತಿತ್ತು. ಬೆಲೆ ೬೦ ಡಾಲರು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಅದು ಅಲ್ಪವಲ್ಲ. ಮೊದಲನೆಯದು ಎಡ್ಗರ್ ಹೂವರ್ ಎಂಬ ಪ್ರಸಿದ್ಧ ಪೋಲೀಸು ಅಧಿಕಾರಿಗೆ ಸಂದಿತು. ೧೯೩೯ರಲ್ಲಿ ಈ ನೋಂದಣಿಯನ್ನು ನಿಲ್ಲಿಸುವ ವೇಳೆಗೆ ಸುಮಾರು ಐದೂವರೆ ಸಾವಿರ ರಿವಾಲ್ವರುಗಳು ಹೀಗೆ ಹೆಸರು ಹಿಡಿದು ಹೋಗಿದ್ದುವು. ಅದೇ ೧೯೩೫ರಲ್ಲಿ ಕಾರಖಾನೆಯವರು ಹಿಡಿಯ ಮರವನ್ನು ಮೇಲಕ್ಕೆ ಬೆಳಸಿ ‘ಮ್ಯಾಗ್ನ’ ಎಂಬ ಹೊಸ ಆಕಾರವನ್ನು ತಂದರು. ಅಂಗೈಯ ಮೇಲ್ಭಾಗಕ್ಕೆ ಅದರಿಂದ ನೆಮ್ಮದಿಯಾಯಿತು. ಬೆರಳಿನ ಗಂಟಿಗೆ ಆಗಲಿಲ್ಲ.

ಗಂಟಿನ ಸಂಕಟವನ್ನು ಪರಿಹರಿಸಿದವರು ಕಾರಖಾನೆಯ ಹೊರಗಿನ ಕುಶಲಿಗಳು. ಅವರಲ್ಲಿ ವಾಲ್ಟರ್ ರೋಪರ್ ಎಂಬಾತನ ಹೆಸರು ದೊಡ್ಡದು. ಆತನು ಗುರಿಗಾರನೂ ಯಂತ್ರಜ್ಞನೂ ಆಗಿದ್ದನು; ಆತನು ಯೋಚಿಸಿದ ಹಿಡಿಗಳನ್ನು ಕೆತ್ತುತ್ತಿದ್ದವನು ಮ್ಯಾಥ್ಯೂ ಗ್ಯಾಗ್ನನ್. ಟೊಳ್ಳನ್ನು ಮರದಿಂದ ತುಂಬಿ, ಅಂಗೈಯ ಉಬ್ಬಿಗೂ ಹೆಬ್ಬೆರಳಿನ ಒರಗಿಗೂ ಜಾಗಮಾಡಿದ ಈ ಹಿಡಿಗಳು ಗುರಿಗಾರರ ಪಂದ್ಯಗಳಲ್ಲಿ ಹೆಸರುವಾಸಿಯಾದುವು. ಎರಡನೆಯ ಮಹಾಯುದ್ಧದ ತರುವಾಯ ಐಡಾಹೊ ಪ್ರಾಂತದ ಟ್ವಿನ್ ಫಾಲ್ಸಿನಲ್ಲಿ ಸ್ಟೀವ್ ಹೆರೆಟ್ ಎಂಬಾತನು ಇದೇ ಉದ್ಯೋಗಕ್ಕೆ ಇಳಿದನು. ಆತನ ಕ್ರಮವು ಸ್ವಾರಸ್ಯವಾದುದು. ಹಿಡಿ ಬೇಕಾದವನು ತನ್ನ ಕೈಯನ್ನು ಕಾಗದದ ಮೇಲೆ ಚಾಚಿ, ಸುತ್ತಲೂ ಸೀಸದ ಕಡ್ಡಿಯಿಂದ ಗೆರೆ ಎಳೆದು, ಆ ಚಿತ್ರವನ್ನು ಅಂಚೆಯಲ್ಲಿ ಕಳುಹಿಸಬೇಕು. ನಮ್ಮೂರುಗಳಲ್ಲಿ ಜೋಡು ಹೊಲಿಯುವವನು ಕಾಗದದ ಮೇಲೆ ಕಾಲಿಡಿಸಿ ಅಳತೆ ತೆಗೆಯುವಂತೆಯೇ ಇದು. ಗಡಿಪಹರೆಯ ಅಧಿಕಾರಿಯಾಗಿದ್ದ ಬಿಲ್ ಜೋರ್ಡನ್ ಎಂಬಾತನು ತನ್ನ ಅನುಭವದಿಂದ ರೂಪಿಸಿದ, ದಪ್ಪವಾದ ನುಣುಪು ಹಿಡಿಯೂ ಹೆರೆಟನ ಅಂಗಡಿಯಿಂದಲೇ ಹೊರಬಿತ್ತು.

ಮುಂದಿನ ಕಥೆಯನ್ನು ಬೇಗ ಹೇಳಬಹುದು. ಐಡಾಹೊ ಪ್ರಾಂತದವನೇ ಆದ ಎಲ್ಮರ್ ಕೀತ್ ಎಂಬ ಲೇಖಕನು ೪೪ರ ತೋಟಾಕ್ಕೆ ಇನ್ನಷ್ಟು ಮದ್ದನ್ನು ತುಂಬಬೇಕೆಂದು ವರ್ಷಗಟ್ಟಲೆ ಬರೆದು ಕಾರಖಾನೆಗಳನ್ನು ಕಾಡಿದನು. ೧೯೫೫ರ ಕೊನೆಯಲ್ಲಿ ೪೪ ಮ್ಯಾಗ್ನಮ್ ತಯಾರಾಯಿತು. ೧೯೫೭ರಲ್ಲಿ ಆ ರಿವಾಲ್ವರಿಗೆ ‘೨೯’ ಎಂಬ ಸಂಖ್ಯೆ ಬಂತು. ೧೯೭೧ರಲ್ಲಿ ‘ಡರ್ಟಿ ಹ್ಯಾರಿ’ ಎಂಬ ಚಲಚ್ಚಿತ್ರದಲ್ಲಿ ನಟ ಕ್ಲಿಂಟ್ ಈಸ್ಟ್‌ವುಡ್ ಅದನ್ನು ಹಿಡಿದು ಕಾಣಿಸಿಕೊಳ್ಳಲು, ಬೇಟೆಗಾರರ ಆಯುಧವು ಊರಿನ ಜನರ ಕನಸಾಯಿತು. ಕೀತನಿಗೆ ಕೆತ್ತನೆಯ ದಂತದ ಹಿಡಿಗಳಲ್ಲಿ ಬಹಳ ಮೋಹವಿತ್ತು. ಆತನು ೧೯೮೪ರಲ್ಲಿ ತೀರಿಕೊಂಡನು. ೨೦೧೫ರಲ್ಲಿ ಆತನ ಸಂಗ್ರಹವು ಹರಾಜಿಗೆ ಬಂತು.

ಹಿಡಿಯ ವಿಷಯದಲ್ಲಿ ಲೋಕಪ್ರವಾದವು ಹೇಗೆ ತಪ್ಪುತ್ತದೆಂಬುದಕ್ಕೆ ಸೇನಾಪತಿ ಜಾರ್ಜ್ ಪ್ಯಾಟನ್ನನು ಉತ್ತಮ ನಿದರ್ಶನ. ಎರಡನೆಯ ಮಹಾಯುದ್ಧದಲ್ಲಿ ಆತನ ಸೊಂಟದ ರಿವಾಲ್ವರುಗಳು ಆತನಷ್ಟೇ ಪ್ರಸಿದ್ಧವಾಗಿದ್ದುವು. ಪತ್ರಿಕೆಗಳು ಅವುಗಳ ಹಿಡಿ ಮುತ್ತಿನ ಚಿಪ್ಪಿನದೆಂದು ಬರೆದುವು; ಜನರು ನಂಬಿದರು. ನಿಜವಾಗಿ ಆ ಹಿಡಿಗಳು ದಂತದವು, ಆತನ ಹೆಸರಿನ ಮೊದಲಕ್ಷರಗಳನ್ನು ಕೆತ್ತಿದವು. ಒಂದು, ೧೯೧೬ರ ಮಾರ್ಚಿಯಲ್ಲಿ ಎಲ್ ಪ್ಯಾಸೊ ಪಟ್ಟಣದಲ್ಲಿ ಕೊಂಡ ಹಳೆಯ ಮಾದರಿಯ ೪೫ರ ಕೋಲ್ಟ್. ಮತ್ತೊಂದು, ೧೯೩೫ರಲ್ಲಿ ಹವಾಯಿಯಲ್ಲಿದ್ದಾಗ ತರಿಸಿದ, ಮೂರೂವರೆ ಅಂಗುಲ ನಳಿಗೆಯ, ಎನ್ ಒಡಲಿನ ಮ್ಯಾಗ್ನಮ್. ದಂತವೋ ಮುತ್ತಿನ ಚಿಪ್ಪೋ ಎಂಬುದು ಅಲ್ಪವಿಷಯವೆಂದು ಕೆಲವರು ನಗಬಹುದು. ಆದರೆ ಕಣ್ಣೆದುರಿಗೆ ಇದ್ದ ವಸ್ತುವಿನಲ್ಲಿಯೇ ಲಕ್ಷಾಂತರ ಜನರು ಹೀಗೆ ತಪ್ಪಿದರೆ, ಕಣ್ಣಿಗೆ ಕಾಣದ ಕಾಲದ ವಿಷಯದಲ್ಲಿ ನಮ್ಮ ನಂಬಿಕೆಗಳ ಗತಿಯೇನು?

ಆದುದರಿಂದ ಸಂಗ್ರಾಹಕನು ಮಾತನ್ನು ನಂಬುವುದಿಲ್ಲ, ವಸ್ತುವನ್ನು ಓದುತ್ತಾನೆ. ಹಿಡಿಯ ತಿರುಪನ್ನು ಬಿಚ್ಚಿ ಬಲಗಡೆಯ ಹೋಳಿನ ಒಳಮೈಯನ್ನು ನೋಡಿದರೆ, ಆ ರಿವಾಲ್ವರಿನ ಸಂಖ್ಯೆಯನ್ನೇ ಕೆಲಸಗಾರನು ಅಲ್ಲಿ ಬರೆದಿರುವುದೋ ಒತ್ತಿರುವುದೋ ಕಾಣುತ್ತದೆ. ಉಕ್ಕಿನ ಸಂಖ್ಯೆಯೂ ಮರದ ಸಂಖ್ಯೆಯೂ ಒಂದೇ ಆದರೆ ಅವೆರಡೂ ಒಟ್ಟಿಗೆ ಕಾರಖಾನೆಯನ್ನು ಬಿಟ್ಟುವೆಂದು ತಿಳಿಯಬೇಕು. ಹೋಳಿನ ಮೇಲ್ಗಡೆ ೧೯೧೦ರ ಸುಮಾರಿನಲ್ಲಿ ಹೊಂಬಣ್ಣದ ಬಿಲ್ಲೆಗಳಿದ್ದುವು. ೧೯೨೦ರ ದಶಕದಲ್ಲಿ ಬಿಲ್ಲೆಗಳಿಲ್ಲ. ೧೯೩೦ರ ಹೊತ್ತಿಗೆ ಬೆಳ್ಳಿಬಣ್ಣದವು ಬಂದುವು. ತಿರುಪಿನ ಸುತ್ತ ವಜ್ರಾಕಾರದ ಬಯಲನ್ನು ಬಿಡುವ ಪದ್ಧತಿಯು ೧೯೬೮ರ ಸುಮಾರಿಗೆ ನಿಂತಿತು. ಕಾರಖಾನೆಯ ಹಳೆಯ ಲೆಕ್ಕದ ಪುಸ್ತಕಗಳಿಂದ, ಇಂಥ ಸಂಖ್ಯೆಯ ರಿವಾಲ್ವರು ಇಂಥ ದಿನ ಇಂಥ ಅಂಗಡಿಗೆ ಹೋಯಿತೆಂಬ ಪತ್ರವನ್ನೂ ತರಿಸಬಹುದು. ಲಿಪಿಯನ್ನು ನೋಡಿ ಶಾಸನದ ಕಾಲವನ್ನು ನಿರ್ಣಯಿಸುವ ನಮ್ಮ ಪಂಡಿತರಿಗೆ ಈ ವಿದ್ಯೆಯು ಹೊಸದೆನಿಸಲಾರದು.

ಇಷ್ಟು ವಿದ್ಯೆಯಿದ್ದೂ ಸಂಗ್ರಾಹಕರಲ್ಲಿ ಹಲವರು ಒಂದು ತಪ್ಪನ್ನು ಮಾಡುತ್ತಾರೆ. ನಮ್ಮ ಭಾಷಣದ ತಿರುಳು ಇರುವುದು ಇಲ್ಲಿಯೇ. ೧೯೨೫ರ ಸುಮಾರಿನ ಒಂದು ರಿವಾಲ್ವರು ದೊರೆಯಿತೆನ್ನಿ. ಅದಕ್ಕೆ ಯಾವನೋ ಒಬ್ಬ ಹಳ್ಳಿಯ ಕಾವಲುಗಾರನು ತನ್ನ ಕೈಗೆ ತಕ್ಕಂತೆ ತಾನೇ ಕೊರೆದುಕೊಂಡ ಒರಟು ಹಿಡಿಯಿದೆ. ಸಂಗ್ರಾಹಕನು ಅದನ್ನು ಕಿತ್ತೊಗೆಯುತ್ತಾನೆ. ಅದೇ ಕಾಲದ ಮತ್ತೊಂದು ರಿವಾಲ್ವರಿನಿಂದ ಬಿಚ್ಚಿದ ‘ಸರಿಯಾದ’ ಹಿಡಿಯನ್ನು ದುಬಾರಿ ಬೆಲೆ ಕೊಟ್ಟು ತಂದು ಜೋಡಿಸುತ್ತಾನೆ. ನೋಡುವವರು ಮೂಲರೂಪದಲ್ಲಿದೆಯೆಂದು ತಲೆದೂಗುತ್ತಾರೆ. ಮಾರಾಟದಲ್ಲಿ ಬೆಲೆಯೂ ಏರುತ್ತದೆ. ಆದರೆ ನಡೆದುದೇನು? ಎರಡು ಆಯುಧಗಳ ಚರಿತ್ರೆ ಅಳಿಸಿತು. ಒಂದು ತನ್ನ ಒಡೆಯನನ್ನು ಕಳೆದುಕೊಂಡಿತು. ಇನ್ನೊಂದು ತನ್ನ ಹುಟ್ಟಿನ ಸಾಕ್ಷ್ಯವನ್ನು ಕಳೆದುಕೊಂಡಿತು. ಕಾಣುವುದೆಲ್ಲ ಸರಿ, ಇರುವುದೆಲ್ಲ ಸುಳ್ಳು.

ನಮ್ಮ ನಾಡಿನಲ್ಲಿ ಇದರ ಉದಾಹರಣೆಗಳನ್ನು ದೂರ ಹುಡುಕಬೇಕಾಗಿಲ್ಲ. ಗಂಗರ ತಾಮ್ರಶಾಸನಗಳಲ್ಲಿ ಯಾವುವು ನಿಜ, ಯಾವುವು ಕೃತಕ ಎಂಬ ವಿಷಯವಾಗಿ ರೈಸ್ ಸಾಹೇಬರಿಗೂ ಫ್ಲೀಟ್ ಸಾಹೇಬರಿಗೂ ನಡೆದ ದೀರ್ಘವಾದವು ವಿದ್ಯಾರ್ಥಿಗಳಿಗೆ ಗೊತ್ತು. ಕೃತಕಶಾಸನವನ್ನು ಬರೆದವನು ಸಾಮಾನ್ಯವಾಗಿ ತಪ್ಪಿ ಬೀಳುವುದು ಅತಿ ಸರಿಯಾಗಿರಬೇಕೆಂಬ ಆತುರದಿಂದಲೇ. ಜೀರ್ಣೋದ್ಧಾರದ ಹೆಸರಿನಲ್ಲಿ ಗುಡಿಯ ಗೋಡೆಗಳಿಗೆ ಸುಣ್ಣ ಬಳಿದು ಅಕ್ಷರಗಳನ್ನು ಮುಚ್ಚುವ ಭಕ್ತರ ಉದ್ದೇಶವೂ ಒಳ್ಳೆಯದೇ. ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯೊಂದನ್ನು ಹೇಳುತ್ತೇವೆ. ನಮ್ಮ ತಾತನವರು ಬಳಸುತ್ತಿದ್ದ ಮಚ್ಚೊಂದಿತ್ತು. ಐವತ್ತು ವರ್ಷ ಹಿಡಿದು ಹಿಡಿದು ಅದರ ಮರದಲ್ಲಿ ಅವರ ನಾಲ್ಕು ಬೆರಳುಗಳ ಹಳ್ಳ ಬಿದ್ದಿತ್ತು. ಅವರು ತೀರಿಹೋದ ಮೇಲೆ ಬಡಗಿಯನ್ನು ಕರೆಸಿ ಹೊಸ ಹಿಡಿಯನ್ನು ಹಾಕಿಸಿದೆವು. ಅಜ್ಜಿಯವರು ಹೊಸದನ್ನು ನೋಡಲಿಲ್ಲ. ಹಳೆಯದು ಎಲ್ಲಿ ಎಂದು ಕೇಳಿದರು. ಅದು ಅಷ್ಟರಲ್ಲಿ ಬಚ್ಚಲೊಲೆಗೆ ಹೋಗಿತ್ತು. ಮಚ್ಚು ಈಗಲೂ ಇದೆ, ಹರಿತವಾಗಿಯೇ ಇದೆ. ಆದರೆ ಅದು ಯಾರ ಮಚ್ಚೂ ಅಲ್ಲ.

ಹಾಗಾದರೆ ಸಂಗ್ರಾಹಕನ ಧರ್ಮವೇನು? ಬಂದ ಹಿಡಿಯನ್ನು ಬಿಸಾಡಬಾರದು. ಬೇರೆಯದನ್ನು ಜೋಡಿಸುವುದಾದರೆ ಹಳೆಯದನ್ನು ಜೊತೆಯಲ್ಲಿಯೇ ಇಟ್ಟು, ಯಾವಾಗ, ಎಲ್ಲಿಂದ ತಂದು ಜೋಡಿಸಿದೆನೆಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಬೇಕು. ವಿವೇಕಿಗಳಾದ ಸಂಗ್ರಾಹಕರು ಹಾಗೆಯೇ ಮಾಡುತ್ತಾರೆ. ರೋಪರನ ಹಿಡಿಗಳು, ಹೆರೆಟನ ಹಿಡಿಗಳು ಕಾರಖಾನೆಯವಲ್ಲವೆಂಬ ಕಾರಣದಿಂದ ಒಂದು ಕಾಲದಲ್ಲಿ ಪೆಟ್ಟಿಗೆಗಳ ತಳಕ್ಕೆ ಬಿದ್ದಿದ್ದುವು; ಈಗ ರೋಪರನ ಹಿಡಿಯನ್ನೇ ಹುಡುಕಿಕೊಂಡು ಬರುವವರಿದ್ದಾರೆ. ಲಕ್ಷ ಜನರಿಗೆಂದು ಮಾಡಿದ ಉಕ್ಕು ಒಬ್ಬನ ಸ್ವತ್ತಾದುದು ಅಲ್ಲಿಯೇ ಎಂಬುದನ್ನು ಅವರು ಅರಿತಿದ್ದಾರೆ.

ಇನ್ನು ಹಿಡಿಗೆ ಬಳಸಿದ ಪದಾರ್ಥಗಳ ಮಾತು. ಅಕ್ರೋಟು ಅಮೆರಿಕದ್ದು. ಆದರೆ ವಿಲಾಸಕ್ಕೆಂದು ಮಾಡಿಸಿದ ಹಿಡಿಗಳಿಗೆ ಬೇಕಾದ ಮೂರು ಪದಾರ್ಥಗಳನ್ನು ನಮ್ಮ ಕಾಡುಗಳು ಬಲ್ಲುವು: ಆನೆಯ ದಂತ, ಕಡವೆಯ ಕೊಂಬು, ಬೀಟೆಯ ಮರ. ಕಡವೆಯ ಕೊಂಬು ಒಳಗೆ ಗಟ್ಟಿ, ಹೊರಗೆ ಗೀರುಗೀರಾಗಿ ಕೈಗೆ ಕಚ್ಚಿಕೊಳ್ಳುವಂಥದು. ಆದುದರಿಂದ ಭಾರತದ ಕೊಂಬಿಗೆ ಆ ದೇಶದಲ್ಲಿ ವಿಶೇಷ ಮನ್ನಣೆಯಿತ್ತು. ಬೀಟೆ ಮತ್ತು ದಂತಗಳ ಜೋಡಿಯ ಅಂದವನ್ನು ಮೈಸೂರಿನವರಿಗೆ ನಾವು ವಿವರಿಸಬೇಕಾಗಿಲ್ಲ. ಅರಮನೆಯ ಅಂಬಾವಿಲಾಸದಲ್ಲಿ ದಂತ ಕೂರಿಸಿದ ಬೀಟೆಯ ಬಾಗಿಲನ್ನು ಕಂಡವರಿಗೆ ಅದು ತಿಳಿದೇ ಇದೆ. ದಂತದ ಹಿಡಿಯ ಬುಡವನ್ನು ಹತ್ತಿರದಿಂದ ನೋಡಿದರೆ ಒಂದನ್ನೊಂದು ಹಾಯುವ ಸೂಕ್ಷ್ಮವಾದ ಗೆರೆಗಳ ಬಲೆ ಕಾಣುತ್ತದೆ. ಆನೆಯ ದಂತದಲ್ಲಿ ಆ ಗೆರೆಗಳ ಕೋನವು ಅಗಲ, ಹಿಮದಲ್ಲಿ ಹುಗಿದು ಸಿಕ್ಕುವ ಮ್ಯಾಮತ್ ಎಂಬ ಪ್ರಾಚೀನ ಗಜದ ದಂತದಲ್ಲಿ ಕಿರಿದು. ಕಾರಖಾನೆಯಲ್ಲಿ ಮಾಡಿದ ಕೃತಕದಂತದಲ್ಲಿ ಆ ಬಲೆಯೇ ಇರುವುದಿಲ್ಲ.

ಆ ಬಲೆಯು ಒಂದು ಪ್ರಾಣಿಯ ಆಯುಸ್ಸಿನ ಬರಹ. ಅದನ್ನು ಪಡೆಯಲು ಆನೆಯನ್ನು ಕೊಲ್ಲುತ್ತಿದ್ದರೆಂಬುದನ್ನು ಮರೆತು ಹಿಡಿಯ ಅಂದವನ್ನು ಹೊಗಳುವುದು ನಮ್ಮಿಂದಾಗದು. ಅಳಿವಿನ ಅಂಚಿನ ಜೀವಿಗಳ ವ್ಯಾಪಾರವನ್ನು ಹತೋಟಿಗೆ ತರಲು ೧೯೭೩ರಲ್ಲಿ ವಾಷಿಂಗ್‌ಟನ್ನಿನಲ್ಲಿ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡುವು. ಅದು ೧೯೭೫ರಲ್ಲಿ ಜಾರಿಗೆ ಬಂತು. ೧೯೮೯ರಲ್ಲಿ ಆಫ್ರಿಕದ ಆನೆಯ ದಂತಕ್ಕೂ ನಿಷೇಧವನ್ನು ವಿಸ್ತರಿಸಲು ತೀರ್ಮಾನವಾಯಿತು. ಭಾರತವು ೧೯೮೬ರಲ್ಲಿ ತನ್ನ ಆನೆಗಳ ದಂತದ ವ್ಯಾಪಾರವನ್ನೂ, ೧೯೯೧ರಲ್ಲಿ ಹೊರಗಿನಿಂದ ಬರುತ್ತಿದ್ದ ದಂತದ ವ್ಯಾಪಾರವನ್ನೂ ನಿಲ್ಲಿಸಿತು. ಕಡವೆಯ ಕೊಂಬಿನ ರಫ್ತೂ ೧೯೯೦ರ ದಶಕದ ಕೊನೆಯಲ್ಲಿ ನಿಂತಿತು. ಅಮೆರಿಕವು ೨೦೧೬ರಲ್ಲಿ ಆಫ್ರಿಕದ ದಂತದ ವ್ಯಾಪಾರವನ್ನು ಬಹುಮಟ್ಟಿಗೆ ಮುಚ್ಚಿತು. ೨೦೧೭ರಿಂದ ಬೀಟೆಯ ಜಾತಿಯ ಮರಗಳೆಲ್ಲವೂ ಅಂತರರಾಷ್ಟ್ರೀಯ ಹತೋಟಿಗೆ ಬಂದುವು. ಹೀಗಾಗಿ ಹೊಸ ಹಿಡಿಗಳನ್ನು ಮಾಡುವವರು ಬೇರೆ ಮರಗಳನ್ನೂ ಕೃತಕ ಪದಾರ್ಥಗಳನ್ನೂ ಆಶ್ರಯಿಸಿದ್ದಾರೆ. ಇದನ್ನು ಕಲೆಯ ನಷ್ಟವೆಂದು ಕೊರಗುವವರುಂಟು. ಹಳೆಯ ದಂತದ ಹಿಡಿಯನ್ನು ನಾಶಮಾಡಬೇಕೆಂದು ನಾವು ಹೇಳುವುದಿಲ್ಲ. ಅದೂ ಒಂದು ಶಾಸನವೇ. ಆದರೆ ಅದರಲ್ಲಿ ಒಡೆಯನ ಹೆಸರಿನ ಜೊತೆಗೆ ಆನೆಯ ಮರಣವೂ ಬರೆದಿದೆ. ಪೂರ್ತಿಯಾಗಿ ಓದುವವನೇ ಅದನ್ನು ಇಟ್ಟುಕೊಳ್ಳಲು ಯೋಗ್ಯನು.

ನಮ್ಮ ದೇಶದಲ್ಲಿ ಈ ಹವ್ಯಾಸಕ್ಕೆ ಎಡೆಯಿಲ್ಲ. ೧೯೫೯ರ ಆಯುಧಗಳ ಕಾಯಿದೆಯು ರಹದಾರಿಯಿಲ್ಲದೆ ಬಂದೂಕನ್ನು ಇಟ್ಟುಕೊಳ್ಳಗೊಡದು. ೨೦೧೯ರ ತಿದ್ದುಪಡಿಯಂತೆ ಸಾಮಾನ್ಯ ಪ್ರಜೆಯು ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಇದರಿಂದ ನಮಗೆ ವ್ಯಥೆಯೇನೂ ಇಲ್ಲ. ನಾವು ಹೇಳಿದ ಪಾಠಕ್ಕೆ ರಿವಾಲ್ವರು ಬೇಕೆಂದೇನೂ ಇಲ್ಲ. ಆಯುಧಪೂಜೆಯ ದಿನ ನಮ್ಮ ಮನೆಗಳಲ್ಲಿ ಕುಡುಗೋಲು, ಈಳಿಗೆ, ಉಳಿ, ಗರಗಸಗಳು ಅರಿಸಿನ ಕುಂಕುಮಗಳನ್ನು ಪಡೆಯುತ್ತವೆ. ಹಚ್ಚುವಾಗ ನಮ್ಮ ಕೈ ಅಲಗಿಗೇ ಹೋಗುತ್ತದೆ. ಮುಂದಿನ ಸಲ ಒಂದು ಕ್ಷಣ ಹಿಡಿಯನ್ನೂ ನೋಡೋಣ. ಅದು ಯಾವ ಮರದ್ದು, ಅದನ್ನು ಸವೆಸಿದ ಕೈ ಯಾರದು ಎಂದು ಮನೆಯ ಹಿರಿಯರನ್ನು ಕೇಳೋಣ. ಅವರು ಹೇಳಿದುದನ್ನು ಬರೆದಿಡೋಣ. ಕೇಳುವುದನ್ನು ನಾಳೆಗೆ ಇಟ್ಟರೆ ಉತ್ತರ ಹೇಳುವವರು ಇರಲಾರರು; ಹಿಡಿಯೂ ಒಲೆಯನ್ನು ಸೇರಿರಬಹುದು.